ಕಿನ್ನಾಳ ಗೊಂಬೆ ಸಾಕ್ಷ್ಯಚಿತ್ರ: ಗಿರಣಿ ಸದ್ದು, ಉಳಿ ಸಪ್ಪಳ, ಅರ್ಧಕ್ಕೆ ನಿಂತ ಮಾತು

ಕಿನ್ನಾಳಬಣ್ಣ:
ಎಲ್ಲರಿಗೂ ನಮಸ್ಕಾರ್ರಿ. ಕೊಪ್ಪಳದಲ್ಲಿ ಪತ್ರಿಕೋದ್ಯಮ ಓದುತ್ತಿರುವ ನಾಲ್ಕು ಹುಡುಗಿಯರ ತಂಡ ನಮ್ಮದು. ಕಿನ್ನಾಳದ ಗೊಂಬೆ ಕೆಲಸದ ಮೇಲೆ 20 ನಿಮಿಷದ ಸಾಕ್ಷ್ಯಚಿತ್ರ. ಚಿತ್ರೀಕರಣ ಮುಗಿದಿದೆ, ಎಡಿಟಿಂಗ್ ಶುರುವಾಗಬೇಕು. ಕ್ಯಾಮೆರಾದ್ದು 6 ಗಂಟೆ ಫುಟೇಜ್, ಸೆಕೆಂಡಿಗೆ 25 ಫ್ರೇಮ್. ಫೋನಿನದು 2 ಗಂಟೆ, 30 ಫ್ರೇಮ್. ಮಾತಿಗೆ ಕಾಲರ್ ಮೈಕ್, ಪ್ರತ್ಯೇಕ ರೆಕಾರ್ಡರ್. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ, 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್.

ತೊಂದರೆಗಳು ಇವು. ಫೋನಿನ ಕ್ಲಿಪ್ ಮೊದಲಿಗೆ ತುಟಿಗೆ ಸರಿಯಾಗಿ ಕೂಡುತ್ತದೆ, ಹತ್ತು ನಿಮಿಷಕ್ಕೆ ಜಾರಿಬಿಡುತ್ತದೆ. ಕೆಲಸದ ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ, ಮೇಲೆ ಫ್ಯಾನು. ಒಬ್ಬ ಹಿರಿಯರು ಮರಳು ಕಾಗದ ತಿಕ್ಕುತ್ತಲೇ ಮಾತಾಡಿದ್ದಾರೆ. ಇನ್ನೊಂದು ಸಂದರ್ಶನದ ಹಿಂದೆ ರೇಡಿಯೊದಲ್ಲಿ ಸಿನಿಮಾ ಹಾಡು. ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಕೋಣೆಯ ಸದ್ದು, ಪ್ರತ್ಯೇಕವಾಗಿ ರೆಕಾರ್ಡ್ ಆಗಿಲ್ಲ. ಸಲ್ಲಿಸಲು 5 ವಾರ ಇದೆ. ಎಲ್ಲಿಂದ ಹಿಡಿಯಬೇಕು?

ತೋರಣಗಲ್ಲು_ಟೆಕ್:
ಮೊದಲು ಫೈಲುಗಳನ್ನು ನೆಟ್ಟಗೆ ಮಾಡಿಕೊಳ್ಳಿ, ಆಮೇಲೆ ಕತ್ತರಿ.

ಫೋನು ‘30 ಫ್ರೇಮ್’ ಎಂದು ಹೇಳಿದರೂ ನಿಜವಾಗಿ ಒಂದೇ ವೇಗದಲ್ಲಿ ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಫ್ರೇಮ್ ದರ ಏರಿಳಿಯುತ್ತದೆ. ಎಡಿಟಿಂಗ್ ತಂತ್ರಾಂಶ ಮಾತ್ರ ಅದು ಸಮವಾಗಿದೆ ಎಂದೇ ಲೆಕ್ಕ ಹಾಕುತ್ತದೆ. ಜಾರುವುದು ಅದಕ್ಕೇ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಫೋನಿನ ಪ್ರತಿ ಕ್ಲಿಪ್ಪನ್ನೂ ತೆರೆದು ಫ್ರೇಮ್ ದರ 30, ‘ಕಾನ್‌ಸ್ಟಂಟ್’ ಎಂದು ಕೊಡಿ, ಗುಣಮಟ್ಟದ ಅಂಕಿ 18ರ ಆಸುಪಾಸು ಇರಲಿ. ಮೂಲ ಫೈಲು ಅಳಿಸಬೇಡಿ. ಹೊಸ ಕ್ಲಿಪ್ಪನ್ನು 25ರ ಟೈಮ್‌ಲೈನಿಗೆ ಹಾಕಿದಾಗ ಪ್ರತಿ 6 ಫ್ರೇಮಿಗೆ ಒಂದು ಬಿದ್ದುಹೋಗುತ್ತದೆ. ಕ್ಯಾಮೆರಾ ಅಡ್ಡಡ್ಡ ತಿರುಗುವ ಶಾಟಿನಲ್ಲಿ ಅದು ಕುಲುಕಾಡಿದಂತೆ ಕಾಣುತ್ತದೆ, ಕೈಕೆಲಸದ ನಿಶ್ಚಲ ಶಾಟಿನಲ್ಲಿ ಗೊತ್ತಾಗುವುದಿಲ್ಲ. ಫೋನಿನ ಶಾಟುಗಳನ್ನು ಆ ಕಡೆಗೇ ಬಳಸಿ.

ಮುಂದಿನ ಸಲಕ್ಕೆ: ನಮ್ಮಲ್ಲಿ ಕರೆಂಟು 50 ಹರ್ಟ್ಜ್. ಫೋನಿನಲ್ಲೂ 25 ಫ್ರೇಮ್, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟಿನ ಮಿಣುಕು ಬರುವುದಿಲ್ಲ. 30 ಫ್ರೇಮ್, 1/60ಕ್ಕೆ ಇಟ್ಟರೆ ಗೋಡೆಯ ಮೇಲೆ ಪಟ್ಟೆ ಹರಿದಾಡುತ್ತದೆ.

ರಿಸಾಲ್ವ್‌ನಲ್ಲಿ ಮೊದಲ ಕ್ಲಿಪ್ ಒಳಗೆ ತರುವ ಮುಂಚೆಯೇ ಪ್ರಾಜೆಕ್ಟಿನ ಫ್ರೇಮ್ ದರ 25ಕ್ಕೆ ಇಡಿ, ತಂದ ಮೇಲೆ ಬದಲಿಸಲು ಬಿಡುವುದಿಲ್ಲ. ಧ್ವನಿ 48 ಕಿಲೊಹರ್ಟ್ಜ್. 8 ಜಿಬಿ ರ‍್ಯಾಮಿಗೆ ಮೂಲ ಫೈಲು ಭಾರವಾಗುತ್ತದೆ, ಪ್ರಾಕ್ಸಿ (ಎಡಿಟಿಂಗಿಗಷ್ಟೇ ಬಳಸುವ ಹಗುರ ನಕಲು) ಮಾಡಿಕೊಳ್ಳಿ. ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಬಗೆಯ ಪ್ರಾಕ್ಸಿ 1080 ಅಳತೆಯಲ್ಲಿ ಗಂಟೆಗೆ ಸುಮಾರು 16 ಜಿಬಿ ತಿನ್ನುತ್ತದೆ, 720ಕ್ಕೆ ಇಳಿಸಿದರೆ ಅದರ ಅರ್ಧಕ್ಕಿಂತ ಕಡಿಮೆ. ನಿಮಗೆ 720 ಧಾರಾಳ ಸಾಕು. ಎಲ್ಲವೂ ಎರಡು ಹಾರ್ಡ್ ಡಿಸ್ಕಿನಲ್ಲಿರಲಿ, ಎರಡೂ ಒಂದೇ ಬ್ಯಾಗಿನಲ್ಲಿ ಇರಬಾರದು.

ಧ್ವನಿಪಟ್ಟಿ:
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. ಕ್ಯಾಮೆರಾ ಮತ್ತು ರೆಕಾರ್ಡರ್ ಎರಡೂ ಸರಿಯಾಗಿದ್ದರೂ ಅವುಗಳ ಗಡಿಯಾರ ಬೇರೆಬೇರೆ. 40 ನಿಮಿಷದ ಒಂದೇ ಟೇಕಿನಲ್ಲಿ ಎರಡು ಮೂರು ಫ್ರೇಮ್ ಅಂತರ ಬಂದರೆ ಗಾಬರಿ ಬೇಡ. ಧ್ವನಿಯನ್ನು ಹಿಗ್ಗಿಸಲು ಕುಗ್ಗಿಸಲು ಹೋಗಬೇಡಿ. ನೀವು ಪ್ರಶ್ನೆ ಕೇಳುವ ಜಾಗದಲ್ಲಿ ಕತ್ತರಿಸಿ ಒಂದು ಫ್ರೇಮ್ ಸರಿಸಿ. ಆ ಪ್ರಶ್ನೆ ಹೇಗೂ ಚಿತ್ರದಲ್ಲಿ ಉಳಿಯುವುದಿಲ್ಲ.

ಕತ್ತರಿಮೇಜು:
ನೋಡವ್ವಾ, ಧ್ವನಿ ಸ್ವಚ್ಛ ಮಾಡೋದು ಆಮ್ಯಾಲಿನ ಮಾತು. ಮೊದಲ ಎಲ್ಲಾ ಸಂದರ್ಶನಾನೂ ಕೈಲೆ ಬರಕೋರಿ, ಟೈಮ್‌ಕೋಡ್ ಸಮೇತ. ಯಂತ್ರದ ಕಡಿಂದ ಬರಸ್ಯಾಡ್ರಿ, ನಮ್ಮ ಕಡೆ ಮಾತು ಅದಕ್ಕ ತಿಳಿಯಂಗಿಲ್ಲ, ‘ಐತಿ’ ಹೋಗಿ ಇನ್ನೇನೋ ಆಗಿರತೈತಿ. ಒಂದು ತಾಸಿನ ಮಾತು ಬರಿಲಿಕ್ಕೆ ನಾಕೈದು ತಾಸು ಬೇಕು. ನಾಕು ಮಂದಿ ಅದೀರಿ, ಹಂಚಿಕೊಂಡ್ರ ವಾರದೊಳಗ ಮುಗೀತೈತಿ. ಹಾಳಿ ಮ್ಯಾಲೆ ಚಿತ್ರ ಕಟ್ಟಿದ ಮ್ಯಾಲೆ ಟೈಮ್‌ಲೈನ್ ಮುಟ್ಟ್ರಿ.

ಬರಿಯುವಾಗ ಒಂದು ಸಂಗತಿ ನೆನಪಿಡ್ರಿ. ಕನ್ನಡದ ವಾಕ್ಯದ ಜೀವ ಇರೋದು ಅದರ ಬಾಲದಾಗ. ಇಂಗ್ಲಿಷಿನ ಪಾಠ ನೋಡಿ ಎಡಿಟಿಂಗ್ ಕಲ್ತವ್ರು ವಾಕ್ಯದ ಮೊದಲನೇ ಅರ್ಧದಾಗ ಅರ್ಥ ಬಂದು ಹೋತು ಅಂತ ತಿಳ್ಕೊಂಡು ಬಾಲ ಕಡಿತಾರ. ಉದಾಹರಣಿಗೆ ಹಿರಿಯರೊಬ್ರು ಹಿಂಗಂದ್ರು ಅಂತ ತಿಳ್ಕೋರಿ: ‘ಮುಂದಿನ ಹುಡುಗ್ರು ಈ ಕೆಲ್ಸಕ್ಕ ಬರಂಗಿಲ್ಲ ಅಂತಾರ್ರೀ, ನಮ್ಮನ್ಯಾಗ ಇಬ್ರು ಕಲ್ಯಾಕತ್ತಾರ.’ ‘ಬರಂಗಿಲ್ಲ’ ಅನ್ನೋತನಕ ಇಟ್ಟು ಕಡಿದ್ರ ಏನಾತು? ಊರಾಗಿನ ಮಂದಿ ಮಾತು ಅವರ ಮಾತಾತು. ಅವರು ಅಲ್ಲ ಅನ್ನಲಿಕ್ಕೆ ಹೇಳಿದ್ದನ್ನ ನೀವು ಹೌದು ಅನಸಿದ್ರಿ. ‘ಅಂತಾರ’, ‘ಅಂತಿದ್ರು’, ‘ಅನಸತೈತಿ’, ‘ಇರಬೇಕು’, ‘ಆದ್ರ’ ಈ ಪದಗಳಿಗೆ ಹಾಳಿ ಮ್ಯಾಲೆ ಕೆಂಪು ಗೆರಿ ಎಳೀರಿ. ಆ ಗೆರಿ ಇದ್ದಲ್ಲಿ ಕತ್ತರಿ ಹಾಕೂ ಮುಂದ ಇಬ್ಬರು ಕುಂತು ಕೇಳ್ರಿ.

ಎರಡು ವಾಕ್ಯ ಕೂಡಿಸೋದೂ ಹಂಗ. ಸೋಮವಾರ ಹೇಳಿದ ಮಾತಿನ ತಲಿಗೆ ಬುಧವಾರದ ಮಾತಿನ ಬಾಲ ಹಚ್ಚಿದ್ರ ಕೇಳಲಿಕ್ಕೆ ಚಂದ ಇರಬಹುದು. ಅದನ್ನ ಅವರಿಗೆ ಕೇಳಿಸಿ ‘ಇದು ನಿಮ್ಮ ಮಾತು ಹೌದಲ್ರೀ?’ ಅಂತ ಕೇಳಲಿಕ್ಕೆ ಧೈರ್ಯ ಇಲ್ಲಂದ್ರ ಹಚ್ಚಬ್ಯಾಡ್ರಿ.

ಧ್ವನಿಪಟ್ಟಿ:
ಕತ್ತರಿಮೇಜು ಅವರು ಹೇಳಿದ ಬಾಲದ ಮಾತು ಧ್ವನಿಯ ಕೆಲಸದಲ್ಲೂ ಅಷ್ಟೇ ಮುಖ್ಯ. ಮಾತಾಡುವವರ ಉಸಿರು ವಾಕ್ಯದ ಕೊನೆಗೆ ಕಡಿಮೆಯಾಗುತ್ತದೆ. ‘ಇಲ್ಲ’, ‘ಅಂತಾರ’ ಎಂಬ ಕೊನೆಯ ಪದ ವಾಕ್ಯದ ಮಧ್ಯಕ್ಕಿಂತ ಮೆತ್ತಗೆ ಬಂದಿರುತ್ತದೆ. ಅದರ ಮೇಲೆ ನಾಯ್ಸ್ ಗೇಟ್ (ಮೆತ್ತಗಿನ ಸದ್ದನ್ನು ತಾನೇ ಮುಚ್ಚುವ ಸಾಧನ) ಹಾಕಿದರೆ ಗೇಟಿಗೆ ಅದು ಗಲಾಟೆಯಂತೆಯೇ ಕಾಣುತ್ತದೆ, ಬಾಗಿಲು ಮುಚ್ಚಿಬಿಡುತ್ತದೆ. ಕತ್ತರಿ ಹಾಕದೆಯೇ ‘ಇಲ್ಲ’ ಮಾಯ. ಆದ್ದರಿಂದ ಮಾತಿನ ಟ್ರ್ಯಾಕಿಗೆ ಗೇಟ್ ಬೇಡವೇ ಬೇಡ. ಕೊನೆಯ ಪದವನ್ನು ಬೇರೆ ತುಂಡು ಮಾಡಿ, ಅದರ ಕ್ಲಿಪ್ ಮಟ್ಟವನ್ನು 3ರಿಂದ 4 ಡಿಬಿ ಏರಿಸಿ, ಜೋಡಣೆಗೆ, ಒಂದು ಸದ್ದು ಇಳಿಯುತ್ತ ಇನ್ನೊಂದು ಏರುವಂತೆ, 2 ಫ್ರೇಮ್ ಕ್ರಾಸ್‌ಫೇಡ್ ಕೊಡಿ. ಬೇಸರದ ಕೆಲಸ, ಆದರೆ 20 ನಿಮಿಷದ ಚಿತ್ರದಲ್ಲಿ ಒಂದು ದಿನದಲ್ಲಿ ಮುಗಿಯುತ್ತದೆ.

ಈಗ ಫ್ಯಾನು ಮತ್ತು ಗಿರಣಿ. ಇವೆರಡೂ ಒಂದೇ ಬಗೆಯ ಸದ್ದಲ್ಲ, ಮದ್ದೂ ಬೇರೆ.

ವಿದ್ಯುತ್ತಿನ ಗುಂಯ್ ಎನ್ನುವುದು 50 ಹರ್ಟ್ಜ್ ಮತ್ತು ಅದರ ಪಟ್ಟುಗಳಾದ 100, 150, 200ರಲ್ಲಿ ಸೂಜಿಯಂತೆ ನಿಂತಿರುತ್ತದೆ. 80 ಹರ್ಟ್ಜ್‌ನ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದು ತಡೆಯುವ ಫಿಲ್ಟರ್) ಹಾಕಿದರೆ 50 ಬಹುಪಾಲು ಹೋಗುತ್ತದೆ. ಉಳಿದವಕ್ಕೆ ಒಂದೇ ಆವರ್ತನ ಕಡಿಯುವ ಕಿರಿದಾದ ನಾಚ್ ಫಿಲ್ಟರ್ ಬೇಕು, ಕ್ಯೂ (ಹೆಚ್ಚಿದಷ್ಟೂ ಕಿರಿದು) 20ಕ್ಕಿಂತ ಮೇಲಿರಲಿ. ಗಂಡಸರ ಧ್ವನಿಯ ಮೂಲ ಸ್ವರವೇ 100ರಿಂದ 150ರ ಸುತ್ತ ಇರುವುದರಿಂದ ನಾಚ್ ಅಗಲವಾದರೆ ಧ್ವನಿ ಟೊಳ್ಳಾಗುತ್ತದೆ. ಹಾಕಿ, ತೆಗೆದು, ಹೋಲಿಸಿ ಕೇಳಿ.

ಫ್ಯಾನಿನದು ಗಾಳಿಯ ಸದ್ದು, ಎಲ್ಲ ಆವರ್ತನದಲ್ಲೂ ಹರಡಿರುತ್ತದೆ, ಅದರ ಮೇಲೆ ರೆಕ್ಕೆಯ ತಾಳವೂ ಇರುತ್ತದೆ. ಇದಕ್ಕೆ ನಾಯ್ಸ್ ರಿಡಕ್ಷನ್ನೇ ಬೇಕು. ರಿಸಾಲ್ವ್‌ನ ಫೇರ್‌ಲೈಟ್ ಪುಟದಲ್ಲಿ ಒಂದಿದೆ. ರೀಪರ್ ಎಂಬ ಧ್ವನಿ ತಂತ್ರಾಂಶ ಇದ್ದರೆ ರಿಯಾಫಿರ್ ಪ್ಲಗಿನ್ನಿನ ‘ಸಬ್‌ಟ್ರ್ಯಾಕ್ಟ್’ ವಿಧಾನ ಇದೆ. ಆಡಾಸಿಟಿಯಲ್ಲೂ ಆಗುತ್ತದೆ. ಮಾದರಿಯಾಗಿ ಕೊಡುವ ಗಲಾಟೆ ತುಂಡು ಕಾಲು ಸೆಕೆಂಡ್ ಇದ್ದರೆ ಸಾಲದು, ರೆಕ್ಕೆ ಹಲವು ಸುತ್ತು ತಿರುಗಿರಬೇಕು. 2 ಸೆಕೆಂಡಾದರೂ ಕೊಡಿ. ಒಂದೇ ಏಟಿಗೆ 20 ಡಿಬಿ ಇಳಿಸಿದರೆ ಧ್ವನಿ ಡಬ್ಬಿಯೊಳಗೆ ನೀರು ತುಂಬಿದಂತೆ ಗುಳುಗುಳು ಅನ್ನುತ್ತದೆ. 4 ಡಿಬಿ ಒಮ್ಮೆ, ಮತ್ತೆ 4 ಡಿಬಿ ಇನ್ನೊಮ್ಮೆ, ಅಲ್ಲಿಗೆ ನಿಲ್ಲಿಸಿ. ಸ್ವಲ್ಪ ಫ್ಯಾನ್ ಉಳಿದರೆ ಉಳಿಯಲಿ.

ಗಿರಣಿಗೆ ಈ ಉಪಾಯ ಹಿಡಿಯುವುದಿಲ್ಲ. ಜೋಳ ಸುರಿದಾಗ ಮೋಟರಿನ ಮೇಲೆ ಭಾರ ಬಿದ್ದು ಸದ್ದು ಬದಲಾಗುತ್ತದೆ. ಖಾಲಿ ತಿರುಗುವಾಗ ತೆಗೆದುಕೊಂಡ ಮಾದರಿ ಭಾರ ಬಿದ್ದಾಗಿನ ಸದ್ದಿಗೆ ಕೂಡುವುದಿಲ್ಲ.

ಗಂಗಾವತಿ_ಮೈಕ್:
ಗಿರಣಿ ತೆಗಿಲಿಕ್ಕೆ ಹೋಗಬ್ಯಾಡ್ರಿ, ತೋರಿಸ್ರಿ. ಗಿರಣಿ ಬಾಗಿಲದ್ದು ಒಂದು 5 ಸೆಕೆಂಡಿನ ಶಾಟ್ ಇದ್ರ ಆ ಸಂದರ್ಶನದ ಮುಂದ ಇಡ್ರಿ, ಸದ್ದು ಜೋರಾಗೇ ಇರ್ಲಿ. ಮಾತು ಶುರು ಆದ ಮ್ಯಾಲೆ 10-15 ಸೆಕೆಂಡಿನ್ಯಾಗ ನಿಧಾನಕ್ಕ ಗಿರಣಿ ಸದ್ದು ಇಳಿಸ್ರಿ. ಸದ್ದು ಎಲ್ಲಿಂದ ಬರತೈತಿ ಅಂತ ಕಣ್ಣು ನೋಡಿದ ಮ್ಯಾಲೆ ಕಿವಿ ಅದನ್ನ ಬದಿಗಿಡತೈತಿ. ಎಲ್ಲಿದು ಅಂತ ಗೊತ್ತಾಗಲಾರದ ಸದ್ದೇ ಕಾಡೋದು.

ಶಾಟ್ ಇಲ್ಲಂದ್ರ ಹೋಗಿ ತೆಗೀರಿ. ಕಿನ್ನಾಳ ಕೊಪ್ಪಳದಿಂದ ದೂರ ಏನಿಲ್ಲ.

ಹೋದಾಗ ರೂಮ್ ಟೋನನ್ನೂ ತುಂಬಿಕೊಂಡು ಬರ್ರಿ. ಅದೇ ಕೋಲಿ, ಅದೇ ಮೈಕು, ಅದೇ ಗೇನು (ರೆಕಾರ್ಡಿಂಗ್ ಮಟ್ಟ), ಮೈಕು ಅವತ್ತು ಇದ್ದ ಜಾಗದಾಗ. ಫ್ಯಾನ್ ಹಚ್ಚಿ 60 ಸೆಕೆಂಡ್, ಆರಿಸಿ 60 ಸೆಕೆಂಡ್. ಗಿರಣಿ ನಡ್ಯಾಗ ಒಂದು, ನಿಂತಾಗ ಒಂದು. ಯಾರೂ ಮಿಸುಕಾಡಬಾರ್ದು, ಫೋನು ಬಂದ್ ಇರಬೇಕು. ಶುರುವಿಗೆ ಬಾಯಿಲೆ ಹೇಳ್ರಿ: ಯಾವ ಮನಿ, ಫ್ಯಾನ್ ಇತ್ತೋ ಇಲ್ಲೋ, ತಾರೀಖು. ಎಡಿಟಿಂಗಿಗೆ ಕುಂತಾಗ ಫೈಲಿನ ಹೆಸರು ನೋಡಿ ಏನೂ ನೆನಪಾಗಂಗಿಲ್ಲ.

ಕಿನ್ನಾಳಬಣ್ಣ:
ಮತ್ತೆ ಹೋಗಲು ಒಂದು ಭಾನುವಾರ ಸಿಗುತ್ತದೆ. ಆದರೆ ಒಂದು ಮನೆಯವರು ಊರಲ್ಲಿ ಇಲ್ಲ, ಬಾಗಿಲು ಹಾಕಿದೆ. ಆ ಮನೆಯ ರೂಮ್ ಟೋನಿಗೆ ಏನು ಮಾಡುವುದು? ಮರಳು ಕಾಗದದ ಮಾತಿಗೂ ದಾರಿ ಹೇಳಿರಿ.

ಧ್ವನಿಪಟ್ಟಿ:
ರೂಮ್ ಟೋನ್ ನಿಮ್ಮ ಸಂದರ್ಶನದೊಳಗೇ ಇದೆ. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಒಂದೊಂದು ಸೆಕೆಂಡ್ ಹುಡುಕಿ. ಉಸಿರು, ಗಂಟಲು ಸರಿಮಾಡಿದ್ದು, ಬಳೆ ಸದ್ದು, ಹಕ್ಕಿ ಏನೂ ಇರಬಾರದು. ಇಂಥ ಇಪ್ಪತ್ತು ತುಂಡು ಆಯ್ದು, ಅರ್ಧ ಸೆಕೆಂಡ್ ಒಂದರ ಮೇಲೊಂದು ಹತ್ತಿಸಿ ಕ್ರಾಸ್‌ಫೇಡ್ ಮಾಡಿ. 10 ಸೆಕೆಂಡಿನ ಪಟ್ಟಿ ಸಿಗುತ್ತದೆ. ಅದನ್ನೇ ಮತ್ತೆ ಮತ್ತೆ ಹಾಕುವಾಗ ಅದರಲ್ಲಿ ಒಂದು ಸಣ್ಣ ‘ಟಿಕ್’ ಇದ್ದರೂ 10 ಸೆಕೆಂಡಿಗೊಮ್ಮೆ ಕೇಳಿಸಿ ಗುಟ್ಟು ರಟ್ಟಾಗುತ್ತದೆ. ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿ ನೋಡಿ.

ಈ ಪಟ್ಟಿ ಮಾತಿನ ಕೆಳಗೆ ಬೇರೆ ಟ್ರ್ಯಾಕಿನಲ್ಲಿ ಓಡಬೇಕು. ಎರಡು ಮಾತಿನ ನಡುವೆ ಖಾಲಿ ಬಿಟ್ಟರೆ ಆ ಜಾಗದಲ್ಲಿ ಧ್ವನಿ ಪೂರ್ತಿ ಸೊನ್ನೆಯಾಗುತ್ತದೆ. ನೋಡುವವರು ಸ್ಪೀಕರ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಚಿತ್ರದಲ್ಲಿ ಮೌನ ಬೇಕೆಂದರೂ ಅದು ಆ ಮನೆಯ ಮೌನವೇ ಆಗಿರಬೇಕು.

ಮರಳು ಕಾಗದದ್ದು ಕಷ್ಟ. ಅದರ ಸದ್ದು ಬರುವುದೇ ಸ, ಶ, ಚ ಬರುವ ಜಾಗದಲ್ಲಿ, ಹೆಚ್ಚುಕಡಿಮೆ 2ರಿಂದ 8 ಕಿಲೊಹರ್ಟ್ಜ್. ಅದನ್ನು ಅಳಿಸಿದರೆ ಅಕ್ಷರವೂ ಅಳಿಯುತ್ತದೆ. ಹಿರಿಯರು ಎರಡು ತಿಕ್ಕಿನ ನಡುವೆ ನಿಲ್ಲಿಸಿ ಹೇಳಿದ ಮಾತುಗಳನ್ನು ಮಾತ್ರ ಉಳಿಸಿ. ಮಿಕ್ಕದ್ದಕ್ಕೆ ಅವರ ಬಳಿ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿ, ಕೈಗೆ ಕೆಲಸ ಇಲ್ಲದಿರುವಾಗ. ‘ಅವತ್ತು ಹೇಳಿದ್ದನ್ನೇ ಹೇಳಿ’ ಎಂದು ಕೇಳಬೇಡಿ, ಪಾಠ ಒಪ್ಪಿಸಿದಂತಾಗುತ್ತದೆ. ಹೊಸದಾಗಿ ಮಾತಾಡಲಿ, ಅದನ್ನು ಅವರ ಕೈಗಳ ಶಾಟಿನ ಮೇಲೆ ಇಡಿ. ತುಟಿ ಕಾಣುವಲ್ಲಿ ಬೇಡ.

ಗಂಗಾವತಿ_ಮೈಕ್:
ಹೋಗ್ತೀರಲ್ಲ, ಕೌದಿ ತಗೊಂಡು ಹೋಗ್ರಿ. ನಾಕು ಕೌದಿ ಸಾಕು. ಎರಡು ಮಾತಾಡವರ ಎದುರಿನ ಗೋಡಿಗೆ, ಅಂದ್ರ ಕ್ಯಾಮೆರಾ ಹಿಂದ, ಗೋಡಿಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕ ಹಾಕ್ರಿ. ಒಂದು ನೆಲಕ್ಕ, ಒಂದು ಪಕ್ಕದ ಗೋಡಿಗೆ. ಟೈಲ್ಸ್ ಹಾಕಿದ ಆರ್‌ಸಿಸಿ ಕೋಲಿಯೊಳಗ ದನಿ ಕೊಡದಾಗ ಮಾತಾಡಿದಂಗ ಆಗತೈತಿ, ಕಂಪ್ಯೂಟರಿನ್ಯಾಗ ಅದನ್ನ ತೆಗಿಯೋದು ಫ್ಯಾನ್ ತೆಗಿಯೋದಕ್ಕಿಂತ ತ್ರಾಸು. ಹಳೇ ಮಣ್ಣಿನ ಮಾಳಿಗಿ ಮನಿ ಸಿಕ್ರ ಅಲ್ಲೇ ಕುಂದರಸ್ರಿ. ಮಣ್ಣು ದನಿ ಕುಡಿತೈತಿ.

ಕೆಲಸದ ಸಪ್ಪಳ ಬ್ಯಾರೆನೇ ರೆಕಾರ್ಡ್ ಮಾಡ್ರಿ, ಮಾತಿಲ್ಲದ. ಉಳಿ ಮ್ಯಾಲೆ ಕೊಡತಿ ಬೀಳೋದು ಮಾತಿಗಿಂತ ಬಾಳ ಜೋರು, ಮಾತಿಗೆ ಇಟ್ಟ ಗೇನಿಗೆ ಹರೀತೈತಿ. ಮೈಕು ಒಂದೂವರಿ ಎರಡು ಅಡಿ ದೂರ, ಸ್ವಲ್ಪ ಓರೆ, ಅತಿ ಜೋರಿನ ಏಟು ಮೈನಸ್ 10 ಡಿಬಿ ದಾಟಬಾರ್ದು. 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ರ ಗೇನಿನ ಚಿಂತಿ ಇಲ್ಲ, ಆದ್ರ ಮೈಕೇ ಒದರಿದ್ರ ಆ ರೆಕಾರ್ಡರೂ ಏನೂ ಮಾಡಂಗಿಲ್ಲ. ಕುಂಚದ ಸಪ್ಪಳಕ್ಕ ತದ್ವಿರುದ್ಧ: ಮೂರು ಬಟ್ಟು ಹತ್ರ ಹೋಗಬೇಕು, ಫ್ಯಾನ್ ಗಿರಣಿ ಎರಡೂ ಬಂದ್ ಇದ್ದಾಗ. ಬೆಳಗ್ಗೆ ಬೇಗ ಹೋದ್ರ ಸಿಗತೈತಿ.

ಹುಣಸಿ ಬೀಜದ ಅಂಟು ಅರಿಯೋದು, ಕಿಟ್ಟ (ಮರದ ಹೊಟ್ಟು, ಅಂಟು ಕೂಡಿಸಿದ ಮುದ್ದಿ) ಕಲಸೋದು, ಮರ ಕೆತ್ತೋದು, ತಿಕ್ಕೋದು, ಬಣ್ಣದ ಬಟ್ಟಲಿಗೆ ಕುಂಚ ತಾಗೋದು. ಪ್ರತಿಯೊಂದಕ್ಕ 2 ನಿಮಿಷ, ನಡುವ ನಿಲ್ಲಸಬ್ಯಾಡ್ರಿ. ಕೆಲಸ ಶುರು ಆಗೋದು, ನಿಲ್ಲೋದು ಎರಡೂ ಬರ್ಲಿ. ಎಡಿಟಿಂಗಿಗೆ ಬೇಕಾಗೋದು ಆ ಎರಡೂ ತುದೀನೇ.

ತೋರಣಗಲ್ಲು_ಟೆಕ್:
ರೇಡಿಯೊ ಹಾಡಿನ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ಎರಡು ತೊಡಕು. ಒಂದು, ಮಾತನ್ನು ಎಲ್ಲಿ ಕತ್ತರಿಸಿದರೂ ಹಾಡು ಎಗರುತ್ತದೆ, ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಎರಡು, ಹಕ್ಕು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಯೂಟ್ಯೂಬಿಗೆ ಹಾಕಿದರೆ ಅದರ ಯಂತ್ರವೇ ಹಾಡನ್ನು ಗುರುತು ಹಿಡಿಯಬಹುದು, ಚಿತ್ರೋತ್ಸವದವರು ಹಕ್ಕಿನ ಪತ್ರ ಕೇಳುತ್ತಾರೆ. ಆ ಸಂದರ್ಶನ ಅನಿವಾರ್ಯವಾದರೆ ಕತ್ತರಿಸದೆ ಒಂದೇ ತುಂಡಾಗಿ, ಹಾಡಿನ ಸಾಲು ಮುಗಿದ ಜಾಗ ನೋಡಿ 20-30 ಸೆಕೆಂಡ್ ಮಾತ್ರ ಬಳಸಬಹುದು. ಮೊದಲ ತೊಡಕು ಅಲ್ಲಿಗೆ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ. ಮತ್ತೆ ಕೇಳಿಸಿಕೊಂಡು ಬರುವುದೇ ಒಳ್ಳೆಯದು.

ನಿಮ್ಮ ಚಿತ್ರಕ್ಕೆ ಯಾರಾದರೂ ಹಾಡಿದರೆ, ಭಜನೆ ಆಗಲಿ ಸೋಬಾನೆ ಆಗಲಿ, ಹಾಡಿದವರಿಂದ ಕನ್ನಡದಲ್ಲೇ ಬರೆದ ಒಪ್ಪಿಗೆ ಪಡೆಯಿರಿ. ಯಾವ ಚಿತ್ರ, ಎಲ್ಲೆಲ್ಲಿ ತೋರಿಸುತ್ತೀರಿ ಎಂಬುದು ಅದರಲ್ಲಿರಲಿ. ಓದಿ ಹೇಳಿ, ಆಮೇಲೆ ಸಹಿ.

ಕತ್ತರಿಮೇಜು:
ಹಿನ್ನೆಲೆ ಸಂಗೀತಾನೇ ಬ್ಯಾಡ ಅಂತೀನಿ ನಾನು. ಉಳಿ ಸಪ್ಪಳದಾಗ ಲಯ ಐತಿ, ತಿಕ್ಕೋದ್ರಾಗ ಐತಿ. ಮಾತಿನ ಕೆಳಗ ಕೊಳಲು ಹಾಕಿದ ಕೂಡ್ಲೇ ಮಾತು ಕೇಳಸೋದು ನಿಂತು ಮರುಕ ಶುರು ಆಗತೈತಿ. ಆ ಮಂದಿ ಮರುಕ ಕೇಳಿಲ್ಲ.

ಧ್ವನಿಪಟ್ಟಿ:
ಮಾತಿನ ಕೆಳಗೆ ಬೇಡ ಎಂಬುದನ್ನು ಒಪ್ಪುತ್ತೇನೆ. ಪೂರ್ತಿ ಬೇಡ ಎನ್ನುವುದನ್ನು ಒಪ್ಪುವುದಿಲ್ಲ. ಮರ ಕಡಿದಲ್ಲಿಂದ ಬಣ್ಣ ಬರುವವರೆಗಿನ ಹಲವು ದಿನದ ಕೆಲಸವನ್ನು ಎರಡು ನಿಮಿಷದಲ್ಲಿ ತೋರಿಸುವ ಭಾಗ ಇದ್ದರೆ ಅಲ್ಲಿ ಸಂಗೀತಕ್ಕೆ ಜಾಗ ಇದೆ. ಹಾಕುವುದಾದರೆ ಸಪ್ಪಳದಿಂದ ಹುಟ್ಟಲಿ: ಕೊಡತಿಯ ಏಟಿನ ತಾಳ ಹಿಡಿದು ಸಂಗೀತ ಮೆಲ್ಲಗೆ ಬರಲಿ, ಮುಗಿಯುವಾಗ ಮತ್ತೆ ಏಟೊಂದೇ ಉಳಿಯಲಿ.

ಕಿನ್ನಾಳಬಣ್ಣ:
ಒಂದು ಸಂದೇಹ ಸರ್. ಬೇರೆ ದಿನ ರೆಕಾರ್ಡ್ ಮಾಡಿದ ಉಳಿ ಸಪ್ಪಳವನ್ನು ಈ ದಿನದ ಶಾಟಿಗೆ ಹಚ್ಚಿದರೆ ಸಾಕ್ಷ್ಯಚಿತ್ರದಲ್ಲಿ ಅದು ಸುಳ್ಳಾಗುವುದಿಲ್ಲವೇ? ನಮ್ಮೊಳಗೇ ಇದರ ಮೇಲೆ ಜಗಳ ನಡೆದಿದೆ.

ಕತ್ತರಿಮೇಜು:
ಅದೇ ಮನಷಾ, ಅದೇ ಉಳಿ, ಅದೇ ಹಗುರ ಮರ ಇದ್ರ ಸುಳ್ಳಲ್ಲ. ಮೈಕು ಅವತ್ತು ದೂರ ಇತ್ತು, ಇವತ್ತು ಹತ್ರ ಐತಿ, ಅಷ್ಟೇ. ಸಾಗವಾನಿ ಮ್ಯಾಲೆ ಬಿದ್ದ ಏಟು ಹಚ್ಚಿದ್ರ ಸುಳ್ಳು, ಆ ಮರದ ದನೀನೇ ಬ್ಯಾರೆ, ಊರವರು ಕೂಡ್ಲೇ ಹಿಡಿತಾರ. ಅಂಗಡಿ ಮುಂದ ಇಬ್ಬರು ಗಿರಾಕಿ ಇರೋ ಶಾಟಿಗೆ ಜಾತ್ರಿ ಗದ್ದಲ ಹಚ್ಚಿದ್ರ ಅದು ದೊಡ್ಡ ಸುಳ್ಳು. ಯಾಕಂದ್ರ ವ್ಯಾಪಾರ ಜೋರೈತಿ ಅಂತ ನೋಡವರು ನಂಬತಾರ.

ಗಂಗಾವತಿ_ಮೈಕ್:
ಅಂತರ್ಜಾಲದ ಸದ್ದಿನ ಭಂಡಾರದಿಂದ ‘ಹಳ್ಳಿ ಮುಂಜಾನೆ’ ಅಂತ ಇಳಿಸ್ಕೊಂಡು ಹಾಕಬ್ಯಾಡ್ರಿ. ಅದರಾಗಿನ ಹಕ್ಕಿ ಯಾವ ದೇಶದ್ದೋ ಏನೋ. ಕಿನ್ನಾಳದಾಗ ಮುಂಜಾನೆ ಬೆಳವ ಕೂಗತೈತಿ, ಕೋಳಿ, ಗುಬ್ಬಿ, ಗುಡಿ ಮೈಕು, ಬಸ್ಸಿನ ಹಾರ್ನು. ಹೊತ್ತು ಮೂಡೂ ಮುಂದ ಒಂದು 10 ನಿಮಿಷ, ಮಧ್ಯಾಹ್ನ 10 ನಿಮಿಷ, ದೀಪ ಹಚ್ಚೂ ಹೊತ್ತಿಗೆ 10 ನಿಮಿಷ. ಮೂರು ಫೈಲು, ಇಡೀ ಚಿತ್ರಕ್ಕ ಸಾಕು. ಮೈಕಿಗೆ ಗಾಳಿ ತುಪ್ಪಳ ಹಾಕದ ಹೊರಗ ತೆಗೀಬ್ಯಾಡ್ರಿ, ನಮ್ಮ ಬಯಲು ಗಾಳಿ ಎಲ್ಲಾನೂ ತಿಂದು ಹಾಕತೈತಿ.

ರಾಯಚೂರು_ಉಪಶೀರ್ಷಿಕೆ:
ಉಪಶೀರ್ಷಿಕೆಯನ್ನು ಕೊನೆಯ ದಿನಕ್ಕೆ ಬಿಡಬೇಡಿ. ಹೇಗೂ ಕೈಯಲ್ಲಿ ಬರೆದ ಮಾತು ಇರುತ್ತದಲ್ಲ, ಅಲ್ಲಿಂದಲೇ ಶುರು.

ಇಂಗ್ಲಿಷಿಗೆ ಮಾಡುವಾಗ ಕನ್ನಡದ ಬಾಲ ಮುಂದಕ್ಕೆ ಹಾರುತ್ತದೆ. ಹಿರಿಯರು ‘ಬಿಟ್ಟೆ’ ಎನ್ನುವ ಮೊದಲೇ ಪರದೆಯ ಮೇಲೆ ಬಿಟ್ಟರು ಎಂದು ಬಂದಿರುತ್ತದೆ. ಅವರ ಮುಖ ನೋಡುವ ಮೊದಲೇ ಓದಿಯಾಗಿರುತ್ತದೆ. ಅದಕ್ಕೆ ಉದ್ದ ವಾಕ್ಯವನ್ನು ಎರಡು ಉಪಶೀರ್ಷಿಕೆಯಾಗಿ ಒಡೆದು, ಎರಡನೆಯದು ಆ ಪದ ಬಾಯಿಗೆ ಬರುವ ಹೊತ್ತಿಗೆ ಬರುವಂತೆ ಮಾಡಿ. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ 40ರ ಸುತ್ತ ಅಕ್ಷರ, 1 ಸೆಕೆಂಡಿಗಿಂತ ಕಡಿಮೆ ಬೇಡ, 7ಕ್ಕಿಂತ ಹೆಚ್ಚು ಬೇಡ. ಶಾಟ್ ಬದಲಾದ ಮೇಲೂ ಉಪಶೀರ್ಷಿಕೆ ಎರಡು ಮೂರು ಫ್ರೇಮ್ ಉಳಿದರೆ ಮಿಂಚಿದಂತಾಗುತ್ತದೆ, ಕತ್ತರಿ ಬಿದ್ದ ಜಾಗದಲ್ಲೇ ಮುಗಿಸಿ.

ಕನ್ನಡ ಅಕ್ಷರ ಪರದೆಯ ಮೇಲೆ ಬರೆಯುವಾಗ ಒತ್ತಕ್ಷರ ಬೇರ್ಪಡುತ್ತದೆಯೇ ನೋಡಿ. ‘ಕಿನ್ನಾಳ’ದ ನ ಒತ್ತು ಪಕ್ಕಕ್ಕೆ ಬಂದು ಕೂತರೆ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಪ್ರೀಮಿಯರ್ ಬಳಸುವವರು ಪ್ರಾಶಸ್ತ್ಯಗಳಲ್ಲಿ ಗ್ರಾಫಿಕ್ಸ್ ಭಾಗಕ್ಕೆ ಹೋಗಿ ಅಕ್ಷರ ಎಂಜಿನನ್ನು ದಕ್ಷಿಣ ಏಷ್ಯಾದ್ದಕ್ಕೆ ಬದಲಿಸಬೇಕು. ಯಾವ ತಂತ್ರಾಂಶದಲ್ಲೂ ಸರಿಬರದಿದ್ದರೆ ಶೀರ್ಷಿಕೆಯನ್ನು ಇಂಕ್‌ಸ್ಕೇಪಿನಲ್ಲಿ ಬರೆದು ಪಾರದರ್ಶಕ ಪಿಎನ್‌ಜಿ ಮಾಡಿ ತನ್ನಿ. ಎಸ್‌ಆರ್‌ಟಿ ಉಪಶೀರ್ಷಿಕೆ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ.

ಧ್ವನಿಪಟ್ಟಿ:
ಮಿಶ್ರಣಕ್ಕೆ ಬರೋಣ. ಚಿತ್ರದ ಕತ್ತರಿ ಪೂರ್ತಿ ನಿಂತ ಮೇಲೆಯೇ ಇದನ್ನು ಮುಟ್ಟಿ. ಆಮೇಲೆ ಒಂದು ಶಾಟ್ 10 ಫ್ರೇಮ್ ಕಡಿಮೆ ಮಾಡಿದರೂ ಮುಂದಿನ ಎಲ್ಲ ಟ್ರ್ಯಾಕೂ ಸರಿಯುತ್ತದೆ.

ಟ್ರ್ಯಾಕು ಹೀಗೆ ಹಂಚಿ: ಮಾತು 1, ಮಾತು 2, ರೂಮ್ ಟೋನ್, ಕೆಲಸದ ಸಪ್ಪಳಕ್ಕೆ ಎರಡು, ಊರಿನ ವಾತಾವರಣಕ್ಕೆ ಎರಡು, ಸಂಗೀತ. ಒಬ್ಬರ ಮಾತು ಒಂದರಲ್ಲಿ, ಮುಂದಿನವರದು ಇನ್ನೊಂದರಲ್ಲಿ. ಆಗ ಪ್ರತಿಯೊಬ್ಬರಿಗೂ ಬೇರೆ ಈಕ್ವಲೈಸರ್ ಕೊಡಬಹುದು. ಎದೆಯ ಮೇಲಿನ ಕಾಲರ್ ಮೈಕಿಗೆ ಗದ್ದದ ನೆರಳು ಬೀಳುತ್ತದೆ: 700 ಹರ್ಟ್ಜ್ ಸುತ್ತ ಊದಿಕೊಂಡಿರುತ್ತದೆ, 3ರಿಂದ 4 ಕಿಲೊಹರ್ಟ್ಜ್ ಸೊರಗಿರುತ್ತದೆ. ಅಲ್ಲಿ 2-3 ಡಿಬಿ ಇಳಿಸಿ, ಇಲ್ಲಿ 2-3 ಡಿಬಿ ಏರಿಸಿ. ಜೋರು ತಗ್ಗಿಸುವ ಕಂಪ್ರೆಸರ್ 3:1, ಜೋರು ಮಾತಿಗೆ 4ರಿಂದ 6 ಡಿಬಿ ಮಾತ್ರ ಒತ್ತಲಿ.

ಕಾಲರ್ ಮೈಕಿನ ಜೊತೆ ಕ್ಯಾಮೆರಾ ಮೈಕನ್ನೂ ತೆರೆದಿಡಬೇಡಿ. ಎರಡರ ನಡುವೆ 1 ಮೀಟರ್ ಅಂತರ ಇದ್ದರೆ ಧ್ವನಿ ಸುಮಾರು 2.9 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡೂ ಕೂಡಿದಾಗ ಕೊಳವೆಯಲ್ಲಿ ಮಾತಾಡಿದಂತಾಗುತ್ತದೆ. 25ರಲ್ಲಿ ಒಂದು ಫ್ರೇಮೇ 40 ಮಿಲಿಸೆಕೆಂಡ್, ಹಾಗಾಗಿ ಫ್ರೇಮ್ ಸರಿಸಿ ಇದನ್ನು ಕೂಡಿಸಲು ಬರುವುದಿಲ್ಲ, ಸುಮಾರು 140 ಸ್ಯಾಂಪಲ್ ಸರಿಸಬೇಕು. ಒಂದನ್ನು ಮುಚ್ಚುವುದೇ ಸುಲಭ.

ಮಟ್ಟ: ಮೊದಲು ಮಾತನ್ನು ಕೂಡಿಸಿ, ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಲಿ. ವಾತಾವರಣ ಮಾತಿಗಿಂತ 15ರಿಂದ 20 ಡಿಬಿ ಕೆಳಗೆ. ಮಾತಿಲ್ಲದ ಕಡೆ ಅದನ್ನು ಧಾರಾಳವಾಗಿ ಮೇಲೆ ತನ್ನಿ. ವಾತಾವರಣ ಬದಲಾಗುವಲ್ಲಿ 1-2 ಸೆಕೆಂಡಿನ ಕ್ರಾಸ್‌ಫೇಡ್, ಹೊಸ ಜಾಗದ ಸದ್ದು ಚಿತ್ರಕ್ಕಿಂತ ಅರ್ಧ ಸೆಕೆಂಡ್ ಮೊದಲೇ ಬಂದರೆ ಕತ್ತರಿ ಕಾಣುವುದೇ ಇಲ್ಲ.

ಕಿನ್ನಾಳಬಣ್ಣ:
ಕೊನೆಗೆ ಎಷ್ಟು ಜೋರಿರಬೇಕು? ಯೂಟ್ಯೂಬಿಗೂ ಹಾಕುತ್ತೇವೆ, ಊರಿನ ಸಮುದಾಯ ಭವನದಲ್ಲೂ ತೋರಿಸಬೇಕು.

ಧ್ವನಿಪಟ್ಟಿ:
ಲೌಡ್‌ನೆಸ್ ಮೀಟರ್ ಫೇರ್‌ಲೈಟಿನಲ್ಲಿದೆ. ಯುರೋಪಿನ ಪ್ರಸಾರ ಮಾನದಂಡ ಮೈನಸ್ 23 ಲಫ್ಸ್ (ಒಟ್ಟಾರೆ ಜೋರಿನ ಅಳತೆ), ಕೇಳುವವರು ಬೇರೆ ಅಂಕಿ ಕೊಡದಿದ್ದರೆ ಚಿತ್ರೋತ್ಸವದ ಪ್ರತಿಗೆ ಅದನ್ನೇ ಹಿಡಿಯಿರಿ. ಯೂಟ್ಯೂಬ್ ಮೈನಸ್ 14ಕ್ಕಿಂತ ಜೋರಿದ್ದರೆ ತಾನೇ ಇಳಿಸುತ್ತದೆ. ಮಾತಿನ ಚಿತ್ರಕ್ಕೆ ಮೈನಸ್ 16ರ ಸುತ್ತ ಸಾಕು. ಎರಡರಲ್ಲೂ ಟ್ರೂ ಪೀಕ್ (ಅಲೆಯ ನಿಜವಾದ ಗರಿಷ್ಠ ಮಟ್ಟ) ಮೈನಸ್ 1 ಡಿಬಿ ದಾಟಬಾರದು. ಮೈನಸ್ 23ರ ಪ್ರತಿಯನ್ನು 7 ಡಿಬಿ ಏರಿಸಿ ಕೊನೆಗೆ ಆ ಮಿತಿ ದಾಟದಂತೆ ಲಿಮಿಟರ್ ಹಾಕಿದರೆ ಎರಡನೆಯದು ಸಿದ್ಧ. ಉಳಿ ಏಟು ಲಿಮಿಟರಿಗೆ ಬಡಿದು ಚಪ್ಪಟೆಯಾದರೆ ಏಟಿನ ಕ್ಲಿಪ್ಪನ್ನೇ 2-3 ಡಿಬಿ ಇಳಿಸಿ.

ಭವನದ್ದು ಬೇರೆ. ಅಲ್ಲಿನ ಧ್ವನಿವರ್ಧಕ ಬಹುತೇಕ ಮೋನೊ. ಹೊರಡುವ ಮೊದಲು ಮೋನೊ ಗುಂಡಿ ಒತ್ತಿ ಇಡೀ ಚಿತ್ರ ಕೇಳಿ. ಎಡ ಬಲಗಳಲ್ಲಿ ಅಲೆ ಒಂದಕ್ಕೊಂದು ತಲೆಕೆಳಗಾಗಿ ಬಂದ ಸದ್ದು ಏನಾದರೂ ಇದ್ದರೆ ಮೋನೊದಲ್ಲಿ ಅದು ಮಾಯವಾಗುತ್ತದೆ. ಭವನದ ಗೋಡೆ ಪ್ರತಿಧ್ವನಿ ಕೊಡುತ್ತದೆ. ಸಂಗೀತ, ವಾತಾವರಣ ಎರಡನ್ನೂ 3 ಡಿಬಿ ಇಳಿಸಿದ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಪ್ರೊಜೆಕ್ಟರಿನಲ್ಲಿ ಚಿತ್ರ ಒಂದೆರಡು ಫ್ರೇಮ್ ತಡವಾಗಿ ಮೂಡಬಹುದು. ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿ ಒತ್ತಿ ಧ್ವನಿಯನ್ನು 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಸರಿಸಬಹುದು.

ಕಿನ್ನಾಳಬಣ್ಣ:
ಬರೆದದ್ದನ್ನೂ ಕಚ್ಚಾ ಟೈಮ್‌ಲೈನನ್ನೂ ಇಟ್ಟು ನೋಡಿದೆವು. ‘ಅಂತಾರ’ ಮೂರು ಕಡೆ ಕಡಿದುಹೋಗಿತ್ತು, ಮರಳಿ ಹಾಕಿದೆವು. ಒಂದು ಕಡೆ ಮಾತ್ರ ಆ ಪದದ ಬೆನ್ನಿಗೇ ನಮ್ಮವಳ ‘ಹೂಂ’ ಬಂದು ಕೂತಿದೆ. ಏನು ಮಾಡಲಿ?

ಕತ್ತರಿಮೇಜು:
‘ಹೂಂ’ ಪದದ ಮ್ಯಾಲೇ ಬಿದ್ದೈತೋ, ಮುಗಿದ ಮ್ಯಾಲೆ ಬಿದ್ದೈತೋ ನೋಡ್ರಿ. ಮುಗಿದ ಮ್ಯಾಲಿದ್ರ, ‘ರ್ರೀ’ ಮುಗಿಯೋ ಜಾಗದಾಗ ಕಡಿದು 2 ಫ್ರೇಮ್ ಫೇಡ್ ಕೊಟ್ಟು ರೂಮ್ ಟೋನ್ ಹಚ್ಚ್ರಿ. ಮ್ಯಾಲೇ ಬಿದ್ದಿದ್ರ ತೆಗೀಲಿಕ್ಕೆ ಆಗಂಗಿಲ್ಲ, ‘ಹೂಂ’ ಇರ್ಲಿ. ಹಂಗ ಇಟ್ರ ಅದರ ಹಿಂದಿನ ಪ್ರಶ್ನೀನೂ ಅರ್ಧ ಸೆಕೆಂಡ್ ಕೇಳಿಸ್ರಿ, ಎದುರಿಗೆ ಒಬ್ಬಾಕಿ ಕುಂತಾಳ ಅಂತ ನೋಡವರಿಗೆ ಗೊತ್ತಾಗ್ಲಿ. ಚಿತ್ರ ಬೇಕಾದ್ರ ‘ಅಂತಾರ’ಕ್ಕಿಂತ ಮೊದಲೇ ಕೈ ಶಾಟಿಗೆ ಹೋಗ್ಲಿ, ದನಿ ಮಾತ್ರ ಮುಗಿಯೋತನಕ ಓಡ್ಲಿ.